ಮೂವತ್ತೆರಡನೇ ನಂಬರಿನ ವೀಣೆ

ಪಕ್ಕದ ಮನೆಯ ಆಂಟಿಯ ಎಡಗೈಯ ತೋರುಬೆರಳು, ನಡುಬೆರಳುಗಳ ತುದಿಯಲ್ಲಿ ತಂತಿ ಕೊರೆದ ಎರಡು ಕಪ್ಪು ಗೆರೆಗಳಿದ್ದವು. ನಲವತ್ತು ವರ್ಷ ವೀಣೆ ನುಡಿಸಿದ ಗುರುತು. ಅದೇ ಬೆರಳುಗಳ ಗೆಣ್ಣುಗಳು ಸಂಧಿವಾತದಿಂದ ಊದಿ, ಶುಂಠಿಯ ಹಾಗೆ ಸೊಟ್ಟಗಾಗಿದ್ದವು. ತಂತಿ ಒತ್ತುವುದಿರಲಿ, ಅಂಗಿಯ ಗುಂಡಿ ಹಾಕಲೂ ಅವರು ಒದ್ದಾಡುತ್ತಿದ್ದರು.

ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ನಮ್ಮಿಬ್ಬರ ಟೌನ್‌ಹೌಸುಗಳಿಗೆ ನಡುವೆ ಒಂದೇ ಗೋಡೆ. ಎರಡು ಸಾವಿರದ ನಾಲ್ಕರ ಸುಮಾರಿಗೆ ನಾನು ಅಲ್ಲಿಗೆ ಬಂದಾಗ, ಮಗಳು ಅಟ್ಲಾಂಟಾ ಸೇರಿದ ಮೇಲೆ ಒಬ್ಬರೇ ಇದ್ದ ಮೈಸೂರಿನ ಈ ಹೆಂಗಸು ಸುತ್ತಲ ಕನ್ನಡದ ಮಕ್ಕಳಿಗೆಲ್ಲ 'ವೀಣೆ ಆಂಟಿ' ಆಗಿದ್ದರು. ಮಕ್ಕಳ ಮಡಿಲಲ್ಲಿ ವೀಣೆ, ಆಂಟಿಯ ಮುಂದೆ ಯಾರೋ ಅಂಗಳದಲ್ಲಿ ಹಳೆಯ ಸಾಮಾನು ಮಾರುವ ಯಾರ್ಡ್ ಸೇಲಿನಲ್ಲಿ ಸಿಕ್ಕ ಹಳೆಯ ಡಿಜಿಟಲ್ ಸಿಂಥಸೈಜರ್, ಹಾರ್ಮೋನಿಯಂನಂಥ ಕೀಗಳಿರುವ ಎಲೆಕ್ಟ್ರಾನಿಕ್ ವಾದ್ಯ. ಊದಿದ ಬೆರಳಿಗೂ ಬಗ್ಗುವ ಅದರ ಹಗುರ ಕೀಗಳಲ್ಲಿ ಅವರು ನುಡಿಸಿ ತೋರಿಸಿದ್ದನ್ನು ಮಕ್ಕಳು ತಂತಿಯ ಮೇಲೆ ಹುಡುಕಬೇಕು.

"ಇದರೊಳಗೆ ಸದ್ದೇ ಇಲ್ಲ ಕಣೇ, ಬರೀ ನಂಬರ್ಸು," ಅನ್ನುತ್ತಿದ್ದರು. "ಕೀ ಒತ್ತಿದ್ರೆ ಯಾವ ಸ್ವರ, ಎಷ್ಟು ಜೋರು ಅಂತ ಒಳಗಿನ ಚಿಪ್‌ಗೆ ಹೇಳುತ್ತೆ, ಅಷ್ಟೆ. ಅದು ಲೆಕ್ಕ ಹಾಕಿ ಮೊದಲು ಒಂದು ಹಸಿ ಸದ್ದು ಮಾಡುತ್ತೆ, ಗುಂಯ್ ಅಂತ. ಅದನ್ನ ಫಿಲ್ಟರಲ್ಲಿ ಸೋಸಬೇಕು, ಡಿಕಾಕ್ಷನ್ ಥರಾನೇ. ಆಮೇಲೆ ಎಷ್ಟು ಬೇಗ ಏಳ್ಬೇಕು, ಹೇಗೆ ಇಳೀಬೇಕು, ಬೆರಳು ತೆಗೆದ ಮೇಲೆ ಎಷ್ಟು ಹೊತ್ತು ಉಳೀಬೇಕು, ಎಲ್ಲಾ ನಾವೇ ಹೇಳ್ಬೇಕು. ಕೊನೇಗೆ ಆ ನಂಬರ್ಸೆಲ್ಲ ಕರೆಂಟಾಗಿ ಸ್ಪೀಕರಿಗೆ ಹೋಗುತ್ತೆ."

ಹೀಗೆ ಒಂದೊಂದೇ ಸಂಖ್ಯೆ ಬದಲಿಸುತ್ತ, ಮೂರು ವರ್ಷ ಕೂತು ತಮ್ಮ ವೀಣೆಯ ನಾದವನ್ನೇ ಅದರಲ್ಲಿ ಕಟ್ಟಿದ್ದರು. ಮೂವತ್ತೆರಡನೇ ನಂಬರಿನಲ್ಲಿ ಅದು ಸೇವ್ ಆಗಿತ್ತು. ಗಮಕಕ್ಕೆ, ತಿರುಗಿಸಿದರೆ ಸ್ವರವನ್ನು ಜಗ್ಗುವ ಎಡಬದಿಯ ಪುಟ್ಟ ಚಕ್ರ. ಗೋಡೆಯಾಚೆಯಿಂದ ಮೊದಲ ಸಲ ಕೇಳಿದಾಗ ನಾನು ನಿಜವಾದ ವೀಣೆಯೆಂದೇ ನಂಬಿದ್ದೆ. ಒಬ್ಬ ಹುಡುಗಿ, "ಆಂಟಿ, ಈಸ್ ದಿಸ್ ಫೇಕ್?" ಎಂದು ಕೇಳಿದಳು. "ನನ್ನ ಕೈ ಫೇಕು, ಇದು ರಿಯಲ್ಲು," ಎಂದು ಆಂಟಿ ನಕ್ಕುಬಿಟ್ಟರು.

ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ವೀಣೆ, ಪುಸ್ತಕಗಳ ಜೊತೆ ಅದನ್ನೂ ಇಟ್ಟು ಕುಂಕುಮ ಹಚ್ಚುತ್ತಿದ್ದರು. ಪೂಜೆಗಿಟ್ಟದ್ದನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಒಂದು ವರ್ಷ ಪೂಜೆಯ ಹಿಂದಿನ ದಿನ ನಾನು ಅದನ್ನು ಒರೆಸುತ್ತಿದ್ದಾಗ, ಬ್ಯಾಟರಿ ಬದಲಿಸಿ ಎಂಬ ಸೂಚನೆ ಪರದೆಯ ಮೇಲೆ ಬಂತು. ಆಂಟಿ ಅಡುಗೆಮನೆಯಲ್ಲಿದ್ದರು. ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ದೇವರ ಮುಂದೆ ಇಡುವ ವಸ್ತು ಚೆನ್ನಾಗಿರಲಿ ಎಂದು ಸ್ವಿಚ್ ಆರಿಸಿ, ಸ್ಕ್ರೂ ಬಿಚ್ಚಿ, ಹಳೆಯ ಬ್ಯಾಟರಿ ಕಿತ್ತು ಹೊಸದು ಹಾಕಿದೆ. ವಾದ್ಯ ಆರಿಸಿದ್ದಾಗ ಆಂಟಿಯ ಸಂಖ್ಯೆಗಳನ್ನು ಕಾಪಾಡುತ್ತಿದ್ದದ್ದೇ ಆ ಬ್ಯಾಟರಿ ಎಂದು ನನಗೆ ಹೊಳೆಯಲೇ ಇಲ್ಲ. ಆಫೀಸಿನಲ್ಲಿ ನನ್ನ ಕೆಲಸವೇ ಡೇಟಾ ಬ್ಯಾಕಪ್ ತೆಗೆಯುವುದು! ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ವಿಜಯದಶಮಿಯಂದು ಮಕ್ಕಳೂ ತಾಯಂದಿರೂ ಕೂತಿದ್ದರು. ಆಂಟಿ ಷಡ್ಜ ಒತ್ತಿದರು. ಲಾರಿಯ ಹಾರನ್ನಿನಂಥ ಸದ್ದು ಬಂತು. ನಂಬರ್ ನೋಡಿದರು, ಮೂವತ್ತೆರಡೇ. ಮತ್ತೆ ಒತ್ತಿದರು, ಅದೇ ಸದ್ದು.

"ಬ್ಯಾಟರಿ ಚೇಂಜ್ ಮಾಡ್ದೆ ಆಂಟಿ," ಎಂದೆ. "ನಂಬರ್ಸ್ ಎಲ್ಲಾದ್ರೂ ಬರೆದಿಟ್ಟಿದ್ದೀರಾ?"

"ಕಿವೀಲೇ ಇತ್ತಲ್ಲ ಪುಟ್ಟಾ, ಬರೆಯೋದ್ಯಾಕೆ ಅಂದ್ಕೊಂಡೆ."

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆ ಕಿವಿಯೂ ಆ ವರ್ಷ ಮಂದವಾಗುತ್ತಿತ್ತು. ಹೊಸ ಹಿಯರಿಂಗ್ ಏಡ್ ನಮ್ಮ ಮಾತನ್ನು ಮುಟ್ಟಿಸುತ್ತಿತ್ತೇ ಹೊರತು ತಂತಿ ಮೀಟಿದಾಗಿನ ಸಣ್ಣ ಸದ್ದನ್ನಲ್ಲ.

ಮುಂದೆ ಎರಡು ವರ್ಷ, ಪ್ರತಿ ಶನಿವಾರ ಬೆಳಗ್ಗೆ ನಾನು ಸಂಖ್ಯೆಗಳನ್ನು ತಿರುಗಿಸುತ್ತ ಕೂತೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ, ಒಂದು ದಿನ ಸಿತಾರ್ ಆಗುತ್ತಿತ್ತು, ಇನ್ನೊಂದು ದಿನ ಬ್ಯಾಂಜೋ. "ಇದಾ ಆಂಟಿ?" ಎಂದರೆ, "ಹತ್ತಿರ ಬಂತು," ಅನ್ನುತ್ತಿದ್ದರು. ಹತ್ತಿರ ಬಂದಿರಲಿಲ್ಲ, ಅದು ನನಗೇ ಗೊತ್ತಾಗುತ್ತಿತ್ತು. ಎಷ್ಟೋ ಸಲ ಮನೆಗೆ ಬಂದು ಅತ್ತಿದ್ದೇನೆ.

ಎರಡು ಸಾವಿರದ ಎಂಟರ ಚಳಿಗಾಲದಲ್ಲಿ ಒಂದು ಬೆಳಗ್ಗೆ ನಾನು ಷಡ್ಜ ಒತ್ತುತ್ತಿದ್ದಂತೆ ಅವರು ಕೈಯೆತ್ತಿದರು. "ಸಿಕ್ತು ಕಣೇ! ಇದೇ, ಇದೇ. ಸೇವ್ ಮಾಡ್ಬಿಡು. ಇನ್ನು ಶನಿವಾರ ನಿನ್ನ ಮನೆ ಕೆಲಸ ನೋಡ್ಕೋ." ಕುಣಿಯುವಷ್ಟು ಖುಷಿಯಲ್ಲಿ ಸೇವ್ ಮಾಡಿದೆ. ಎದ್ದಾಗ ಕಣ್ಣಿಗೆ ಬಿತ್ತು: ಹಿಯರಿಂಗ್ ಏಡ್ ಕಿಟಕಿಯ ಕಟ್ಟೆಯ ಮೇಲಿತ್ತು.

ಅದನ್ನು ನೋಡದವಳಂತೆ ಸ್ವಿಚ್ ಆರಿಸಿ ಮನೆಗೆ ಬಂದೆ. ಎರಡು ತಿಂಗಳಲ್ಲಿ ಆಂಟಿ ತೀರಿಕೊಂಡರು. ಅಟ್ಲಾಂಟಾದಿಂದ ಬಂದ ಮಗಳು ನನ್ನ ಕೈ ಹಿಡಿದು, "'ನನ್ನ ವೀಣೆ ಆ ಹುಡುಗಿ ವಾಪಸ್ ತಂದ್ಕೊಟ್ಳು' ಅಂತ ಅಮ್ಮ ಫೋನಲ್ಲಿ ಹೇಳ್ತಾನೇ ಇದ್ರು. ಒಂದ್ಸಲ ಪ್ಲೇ ಮಾಡ್ತೀರಾ, ಪ್ಲೀಸ್?" ಎಂದಳು. ಸ್ವಿಚ್ ಹಾಕಿ ಷಡ್ಜ ಒತ್ತಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಅಮ್ಮನ ವೀಣೆ ಕೇಳಿಯೇ ಬೆಳೆದವಳ ಮುಖವನ್ನು ಮತ್ತೆ ನೋಡಲು ನನ್ನಿಂದಾಗಲಿಲ್ಲ.