ಮೊದಲು ಓದಿದ ಹೆಸರು

ಮೈಕು ಹಿಡಿಯಲು ಯಾರಾದರೂ ಕರೆದರೆ ಗಂಟಲು ಕೆಟ್ಟಿದೆ ಎನ್ನುತ್ತೇನೆ. ನನ್ನ ಗಂಟಲಿಗೆ ಏನೂ ಆಗಿಲ್ಲ. ಅಂಗಡಿಯಲ್ಲಿ ಕೂತು ರಸ್ತೆಯಾಚೆಯ ಚಹಾದವನನ್ನು ಕೂಗಿದರೆ ಈಗಲೂ ಮೊದಲ ಕೂಗಿಗೇ ಚಹಾ ಬರುತ್ತದೆ. ನಿಜ ಗೊತ್ತಿರುವುದು ನನ್ನ ಹೆಂಡತಿಗೆ ಮಾತ್ರ. ನಾಲ್ಕು ಜನರೆದುರು ಅವಳು ನನ್ನ ಸುಳ್ಳನ್ನು ಬಯಲು ಮಾಡುವುದಿಲ್ಲ. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ನನಗೆ ಮಾಡಿದ ಉಪಕಾರಗಳಲ್ಲಿ ಇದೂ ಒಂದು.

ಬಸವಕಲ್ಯಾಣದ ಪೇಟೆಯಲ್ಲಿ ನನ್ನದು ನೋಟುಬುಕ್ಕು, ಪೆನ್ನು, ಕಂಪಾಸಪೆಟ್ಟಿಗೆ ಮಾರುವ ಅಂಗಡಿ. ಆದರೆ ಊರಿಗೆ ನಾನು ಗೊತ್ತಿದ್ದದ್ದು ಧ್ವನಿಯಿಂದ. ಶಾಲೆಯ ಗ್ಯಾದರಿಂಗ್ ಇರಲಿ, ಗಣಪತಿ ಇರಲಿ, ಉರುಸು ಇರಲಿ, ಬುದ್ಧ ವಿಹಾರದ ಕಾರ್ಯಕ್ರಮ ಇರಲಿ, ಮೈಕು ನನ್ನ ಕೈಗೇ ಬರುತ್ತಿತ್ತು. ಬರದಿದ್ದರೆ ನಾನೇ ಹೋಗಿ ಅದರ ಹತ್ತಿರ ನಿಲ್ಲುತ್ತಿದ್ದೆ. ಅದರಲ್ಲೂ ದೇಣಿಗೆ ಕೊಟ್ಟವರ ಹೆಸರು ಓದುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ನಮ್ಮ ಕಡೆ ಯಾರೂ ಮುಚ್ಚಿದ ಕೈಯಿಂದ ಕೊಡುವುದಿಲ್ಲ. ಕೊಟ್ಟವರ ಹೆಸರು, ಊರು, ಮೊತ್ತ ಅಲ್ಲೇ, ಆಗಲೇ ಮೈಕಿನಲ್ಲಿ ಬರಬೇಕು. ಮೊತ್ತದ ಕೊನೆಗೆ ಒಂದು ರೂಪಾಯಿ ಇರಲೇಬೇಕು. ಹೆಸರು ಬಿಟ್ಟುಹೋದವರು ಆರು ತಿಂಗಳು ನನ್ನ ಅಂಗಡಿಯ ಮುಂದೆ ಮುಖ ತಿರುಗಿಸಿಕೊಂಡು ಹೋದದ್ದುಂಟು. ಐವತ್ತೊಂದು ರೂಪಾಯಿಯನ್ನೂ ನಾನು ಐವತ್ತು ಸಾವಿರದ ಗತ್ತಿನಲ್ಲಿ ಓದುತ್ತಿದ್ದೆ. ಜನ ಅದಕ್ಕಾಗಿಯೇ ಕೊಡುತ್ತಾರೆ ಎಂದು ಹೇಳಿಕೊಳ್ಳುತ್ತಲೂ ಇದ್ದೆ.

ಆ ಮೈಕು ಮೈಕಿನ ಭಾಯಿಯದು. ಊರೆಲ್ಲ ಅವನನ್ನು ಹಾಗೇ ಕರೆಯುತ್ತಿತ್ತು. ಒಂದು ಆಂಪ್ಲಿಫೈಯರ್, ನಾಲ್ಕು ಹಾರ್ನು, ಒಂದು ಸುರುಳಿ ವೈರು, ಇವಿಷ್ಟೇ ಅವನ ಆಸ್ತಿ. ಕೋಟೆಯ ರಸ್ತೆಯಲ್ಲಿ ಎರಡು ಕೋಣೆಯ ಮನೆ ಬೇರೆ. ಇಪ್ಪತ್ತು ವರ್ಷ ನಾನು ಮುಂದೆ ನಿಂತು ಮಾತಾಡಿದೆ, ಅವನು ಹಿಂದೆ ಕೂತು ಗುಂಡಿ ತಿರುಗಿಸಿದ. ನಾನು ಉತ್ಸಾಹಕ್ಕೆ ಬಂದು ಕೂಗಿದರೆ ಅವನು ಸದ್ದಿಲ್ಲದೆ ಧ್ವನಿ ತಗ್ಗಿಸುತ್ತಿದ್ದ. ಆಮೇಲೆ ಗೊತ್ತಾಗಿ ನಾನು ಜಗಳ ತೆಗೆದರೆ, "ಮಶೀನಿಗೂ ಜೀವ ಅದ್ರಿ ಅಣ್ಣಾರ" ಎಂದು ನಗುತ್ತಿದ್ದ.

ಅವನ ಮನೆಯೆದುರಿನ ಕಂಬಕ್ಕೆ ಒಂದು ಹಾರ್ನು ಕಾಯಂ ಇರುತ್ತಿತ್ತು. ಪೇಟೆಯ ಮೈದಾನದಲ್ಲಿ ಕಾರ್ಯಕ್ರಮವಿದ್ದಾಗಲೆಲ್ಲ ಅಲ್ಲಿಯವರೆಗೆ ವೈರು ಎಳೆಯುತ್ತಿದ್ದ. ಕಾರಣ ಅವನ ಹೆಂಡತಿ. ಆಕೆ ಎದೆಯ ಬೇನೆಯವಳು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕಿಟಕಿಯ ಹತ್ತಿರ ಮಂಚದ ಮೇಲೆ ಕೂತು ಎಲ್ಲ ಕೇಳುತ್ತಿದ್ದಳು. ಅವನು ಮನೆಗೆ ಹೋದ ಕೂಡಲೇ ಆಕೆಯ ತೀರ್ಪು ಬರುತ್ತಿತ್ತು: ಇಂದು ಸಾಫ್ ಬಂತು, ಇಂದು ಗರಗರ ಅಂತು, ಇಂದು ಅಣ್ಣಾರು ಬಹಳ ಕೂಗಿದರು. ಆಕೆಯ ಕಿವಿಯೇ ತನ್ನ ಮೀಟರು ಎಂದು ಅವನು ಹೇಳುತ್ತಿದ್ದ.

ಆಕೆಯ ಹೃದಯದ ವಾಲ್ವು ಬದಲಿಸಲೇಬೇಕೆಂದು ಡಾಕ್ಟರರು ಹೇಳಿದಾಗ ಸೊಲ್ಲಾಪುರಕ್ಕೆ ಕರೆದುಕೊಂಡು ಹೋದ. ಆಪರೇಶನ್ ಆಯಿತು, ಆಕೆ ಉಳಿದು ಬಂದಳು. ಎಲ್ಲವೂ ಸರ್ಕಾರದ ಕಾರ್ಡಿನಲ್ಲಿ ಪುಕ್ಕಟೆ ಆಯಿತು ಎಂದು ಆಕೆಗೆ ಹೇಳಿದ್ದ. ಸುಳ್ಳು. ಕಾರ್ಡಿನಲ್ಲಿ ಸ್ವಲ್ಪ ಬಂದಿತ್ತು, ಉಳಿದದ್ದಕ್ಕೆ ಮನೆಯ ಕಾಗದವನ್ನು ಬಡ್ಡಿಯವನ ಕೈಗೆ ಕೊಟ್ಟಿದ್ದ. ವರ್ಷ ದಾಟುವಷ್ಟರಲ್ಲಿ ಸಾಲ ಮೂರು ಲಕ್ಷ ಮೀರಿತು. ತಿಂಗಳೊಳಗೆ ತೀರಿಸದಿದ್ದರೆ ಮನೆ ಬಿಡಬೇಕು ಎಂದು ಬಡ್ಡಿಯವನು ಹೇಳಿ ಕಳಿಸಿದ ದಿನ ಮೈಕಿನ ಭಾಯಿ ನನ್ನ ಅಂಗಡಿಗೆ ಬಂದ. ಒಂದು ಪೆನ್ನು ಕೊಡಿ ಎಂದ. ಪೆನ್ನು ಕೊಟ್ಟೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಅಳತೊಡಗಿದ.

ನಾನು ಪೇಟೆಯ ಹತ್ತು ಜನರನ್ನು ಕೂಡಿಸಿದೆ. ಕೊಡಲು ಯಾರೂ ಹಿಂದೆಮುಂದೆ ನೋಡಲಿಲ್ಲ. ಊರಲ್ಲಿ ಯಾರ ಮದುವೆಯಲ್ಲಿ ಅವನ ಮೈಕು ಹಾಡಿರಲಿಲ್ಲ? ಆದರೆ ಅವನದು ಒಂದೇ ಮಾತು.

"ನನ್ನ ಹೆಸರ ತಗೋಬ್ಯಾಡ್ರಿ ಅಣ್ಣಾರ. ನಮ್ಮಾಕಿಗೆ ಗೊತ್ತಾಗಬಾರ್ದು. ತನ್ನ ಸಲುವಾಗಿ ಮನಿ ಹೋಗಾಕತ್ತದ ಅಂತ ತಿಳಿದ್ರ ಅಕಿ ಎದಿ ತಡಕೊಳ್ಳಂಗಿಲ್ರಿ."

"ನನ್ನ ಬಾಯಿಂದ ಬರಲ್ಲ" ಎಂದೆ. ಅವನ ಕೈ ಹಿಡಿದುಕೊಂಡೇ ಹೇಳಿದೆ.

ಮೊದಲು ಒಂದು ಡಬ್ಬಿ ತಿರುಗಿಸಿದೆವು. ಹೆಸರಿಲ್ಲ, ಮೈಕಿಲ್ಲ. ಎರಡು ವಾರದಲ್ಲಿ ಬಂದದ್ದು ಸಾಲದ ಕಾಲು ಭಾಗವೂ ಅಲ್ಲ. ಕೆಟ್ಟವರಲ್ಲ ನಮ್ಮ ಜನ. ಆದರೆ ಸದ್ದಿಲ್ಲದೆ ಕೊಟ್ಟು ರೂಢಿ ಇಲ್ಲ. ಕಡೆಗೆ ನಾನೇ ಹೇಳಿದೆ, ಒಂದು ಭಾನುವಾರ ಮುಂಜಾನೆ ಮೈದಾನದಲ್ಲಿ ಮೈಕು ಹಚ್ಚೋಣ, ಕೊಟ್ಟವರ ಹೆಸರು ಓದೋಣ, ಯಾರಿಗಾಗಿ ಎಂಬುದನ್ನು ಮಾತ್ರ ಓದುವುದು ಬೇಡ. "ಕಷ್ಟದಲ್ಲಿರುವ ಒಂದು ಕುಟುಂಬ" ಎಂದರಾಯಿತು. ಎಲ್ಲರೂ ಒಪ್ಪಿದರು. ಮೈಕು ಯಾರದು ಎಂಬ ಪ್ರಶ್ನೆಯೇ ಏಳಲಿಲ್ಲ. ಊರಲ್ಲಿ ಒಳ್ಳೆಯ ಮೈಕು ಇದ್ದದ್ದು ಒಂದೇ. ಬೇರೆಯವರನ್ನು ಕರೆದರೆ ಅವನ ಹೆಂಡತಿಯೇ ಏನಾಯಿತೆಂದು ಕೇಳುತ್ತಿದ್ದಳು.

ಹಾಗೆ ಅವನ ಸಲುವಾಗಿ ಕೂಡಿದ ಸಭೆಗೆ ಅವನೇ ಬಂದು ಹಾರ್ನು ಕಟ್ಟಿದ. ಮನೆಯೆದುರಿನ ಹಾರ್ನು ಇವತ್ತು ಬೇಡ, ವೈರು ಕಿತ್ತುಬಿಡು ಎಂದೆ.

"ಅದು ಬಂದ್ ಆದ್ರ ಅಕಿಗೆ ಡೌಟ್ ಬರ್ತದ್ರಿ. ನೀವು ಹೆಸರ ತಗೋಬ್ಯಾಡ್ರಿ, ಅಷ್ಟ ಸಾಕು."

ನಾನು ಮೊದಲು ನನ್ನ ಹೆಸರನ್ನೇ ಓದಿದೆ, ಸಾವಿರದ ಒಂದು ರೂಪಾಯಿ. ನೋಡಿ ನಾಲ್ಕು ಜನ ಕೊಡಲಿ ಎಂದು. ಹೀಗೆ ಹೇಳಿಕೊಳ್ಳುತ್ತಿದ್ದೆ, ಈಗ ಅನ್ನಿಸುತ್ತದೆ, ನನ್ನ ಹೆಸರು ನನ್ನ ಕಿವಿಗೆ ಹಿತವಾಗಿತ್ತು, ಅಷ್ಟೇ. ಆಮೇಲೆ ಜನ ಬಂದರೋ ಬಂದರು. ಕಿರಾಣಿಯವರು, ಆಟೋದವರು, ಸಂತೆಯ ತರಕಾರಿಯವಳು, ಘಾಟಬೋರಾಳದಿಂದ ಬಂದ ಹಾಲಿನವರು, ಹುಡಗಿ ಎಂಬ ಹಳ್ಳಿಯ ರೈತರು. ಮೈಕಿನ ಭಾಯಿ ಹಿಂದೆ ಸ್ಟೂಲಿನ ಮೇಲೆ ಕೂತು ಗುಂಡಿ ಹಿಡಿದಿದ್ದ. ತನ್ನ ಮನೆ ಒಂದೊಂದು ಇಟ್ಟಿಗೆಯಾಗಿ ವಾಪಸ್ಸು ಬರುವುದನ್ನು ತಲೆ ಬಗ್ಗಿಸಿಕೊಂಡು ಕೇಳುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಮುಗಿಯುತ್ತ ಬಂತು. ಕೊನೆಯಲ್ಲಿ ಒಂದು ಚೀಟಿ ನನ್ನ ಕೈಗೆ ಬಂತು. ಮೈಕಿನ ಭಾಯಿಯ ಹೆಸರು, ಐನೂರ ಒಂದು ರೂಪಾಯಿ. ಅಂದಿನ ಬಾಡಿಗೆಯನ್ನು ಅವನು ದೇಣಿಗೆಗೆ ಬಿಟ್ಟಿದ್ದ. ಊರವರೆಲ್ಲ ಕೊಡುವಾಗ ಅವನ ಹೆಸರೊಂದೇ ಬರದಿದ್ದರೆ ಕಿಟಕಿಯಲ್ಲಿ ಕೂತವಳು ಕೇಳುತ್ತಾಳಲ್ಲ ಎಂದು. ನಾನು ಆ ಚೀಟಿ ಓದಿ ಸುಮ್ಮನಾಗಬೇಕಿತ್ತು. ಅಷ್ಟೇ ಮಾಡಬೇಕಿತ್ತು. ಆದರೆ ನನಗೆ ಕಣ್ಣು ತುಂಬಿ ಬಂತು, ಕಣ್ಣು ತುಂಬಿದರೆ ನನಗೆ ಬಾಯಿ ಜಾಸ್ತಿಯಾಗುತ್ತದೆ. "ಬಂಧುಗಳೇ, ಈ ಮನುಷ್ಯನ ದೊಡ್ಡಗುಣ ನೋಡಿ! ಇವತ್ತು ನಾವು ಕೂಡಿದ್ದು ಇವನ ಮನೆಯವಳ ಆಪರೇಶನ್ನಿನ ಸಾಲಕ್ಕೆ. ಇವನ ಮನೆ ಉಳಿಸಲಿಕ್ಕೆ. ಆದರೂ ಇವನು ತನ್ನ ಬಾಡಿಗೆ ಬಿಟ್ಟಿದ್ದಾನೆ!" ಎಂದುಬಿಟ್ಟೆ.

ಮೈದಾನವೆಲ್ಲ ಚಪ್ಪಾಳೆ. ನಾನು ಹಿಂದೆ ತಿರುಗಿ ನೋಡಿದಾಗ ಅವನ ಕೈ ಗುಂಡಿಯ ಮೇಲಿತ್ತು, ಧ್ವನಿ ಪೂರ್ತಿ ಇಳಿಸಿದ್ದ. ತಡವಾಗಿತ್ತು. ಮೈಕು ಒಂದು ಸಲವೂ ಗರಗರ ಎಂದಿರಲಿಲ್ಲ, ನನ್ನ ಮಾತು ನಾಲ್ಕೂ ಹಾರ್ನಿನಲ್ಲಿ ಸ್ವಚ್ಛವಾಗಿ ಹೋಗಿತ್ತು. ಅವನು ನನ್ನ ಕಡೆ ನೋಡಲಿಲ್ಲ. ವೈರು ಸುತ್ತತೊಡಗಿದ.

ಸಾಲ ತೀರಿತು. ಮನೆಯ ಕಾಗದ ವಾಪಸ್ಸು ಬಂತು. ನಾಲ್ಕು ದಿನ ಪೇಟೆಯಲ್ಲಿ ಎಲ್ಲರೂ ನನ್ನ ಬೆನ್ನು ತಟ್ಟಿದರು, ನಾನೂ ತಟ್ಟಿಸಿಕೊಂಡೆ. ಆದದ್ದು ಆಯಿತು, ಮನೆಯಂತೂ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಒಂದು ಕಿಲೋ ಪೇಢಾ ಕಟ್ಟಿಸಿಕೊಂಡು ಹೆಂಡತಿಯನ್ನು ಕರೆದುಕೊಂಡು ಅವನ ಮನೆಗೆ ಹೋದೆ. ಆಕೆ ಕಿಟಕಿಯ ಹತ್ತಿರ ಇರಲಿಲ್ಲ. ಮಂಚವನ್ನು ಒಳಗೋಡೆಗೆ ಸರಿಸಿದ್ದರು. ಎದ್ದು ಕೂತಳು, ಸೆರಗು ಸರಿಮಾಡಿಕೊಂಡಳು.

"ನಿಮ್ಮ ಆವಾಜ್ ಭಾಳ ಸಾಫ್ ಬಂತ್ರಿ ಅಣ್ಣಾರ" ಎಂದಳು.

ನಾನು ಏನೋ ನಗೆಯಾಡಿದೆ. ಆಕೆ ನಗಲಿಲ್ಲ. ಪೇಢಾದ ಪೊಟ್ಟಣವನ್ನು ಬದಿಗಿಟ್ಟು ಕೇಳಿದಳು.

"ಎಲ್ಲಾ ಕೂಡಿ ನಾ ಎಷ್ಟಕ್ಕ ಬಿದ್ದೇನ್ರಿ?"

ನಾನೆಂಥವನು ನೋಡಿ. ಸಂಗ್ರಹವಾದ ಮೊತ್ತ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಮೂರು ಲಕ್ಷದ ನಲವತ್ತು ಸಾವಿರ ಎಂದೆ, ಹೆಮ್ಮೆಯಿಂದ. ಆಕೆ ತಲೆಯಾಡಿಸಿದಳು, ಪೇಟೆಯಲ್ಲಿ ದರ ಕೇಳಿ ಮುಂದೆ ಹೋಗುವವರು ಆಡಿಸುವ ಹಾಗೆ. ಮನೆಗೆ ಬರುವ ದಾರಿಯಲ್ಲಿ ನನ್ನ ಹೆಂಡತಿ ನಡುರಸ್ತೆಯಲ್ಲೇ ನಿಂತುಬಿಟ್ಟಳು.

"ನಿಮಗ ಒಂದ ಸಲ ಸುಮ್ಮನ ಕೂಡಾಕ ಬರಲ್ಲೇನು? ಅಕಿ ಲೆಕ್ಕ ಕೇಳಿದ್ಲೇನು?"

ನಾನು ಅವಳ ಮೇಲೆ ಸಿಟ್ಟು ಮಾಡಿಕೊಂಡೆ. ತಪ್ಪಿದ್ದಾಗ ನನಗೆ ಸಿಟ್ಟು ಬೇಗ ಬರುತ್ತದೆ.

ಅದಾದ ಮೇಲೆ ಮೈಕಿನ ಭಾಯಿ ಕೆಲಸಕ್ಕೆ ಬರುತ್ತಿದ್ದ, ಆದರೆ ಮನೆಯೆದುರಿನ ಹಾರ್ನು ಇಳಿಸಿದ್ದ. ಕೇಳಬೇಕೆನಿಸಿತು, ಕೇಳಲಿಲ್ಲ. ಒಂಬತ್ತು ತಿಂಗಳಿಗೆ ಒಂದು ಮುಂಜಾನೆ ಆಕೆಗೆ ಬಾಯಿ ಸೊಟ್ಟಗಾಯಿತು, ಒಂದು ಕೈ ಬಿದ್ದುಹೋಯಿತು. ಗಾಡಿ ಮಾಡಿ ಕರೆದೊಯ್ಯುವಾಗ ದಾರಿಯಲ್ಲೇ ತೀರಿಹೋದಳು. ಮಣ್ಣಿಗೆ ಇಡೀ ಪೇಟೆ ಹೋಗಿತ್ತು. ನಾನು ಎಲ್ಲರ ಹಿಂದೆ ನಿಂತಿದ್ದೆ. ನಲವತ್ತು ದಿನ ಆದ ಮೇಲೆ ಅವನು ಮೈಕು, ಹಾರ್ನು, ನಾವೆಲ್ಲ ಕೂಡಿ ಉಳಿಸಿದ ಮನೆ, ಎಲ್ಲ ಮಾರಿ ಹುಮನಾಬಾದಿನ ಭಾವಮೈದುನನ ಹತ್ತಿರ ಹೋದ ಎಂದು ಯಾರೋ ಹೇಳಿದರು. ನನಗೆ ಹೇಳದೆ ಹೋದ. ಇಪ್ಪತ್ತು ವರ್ಷದ ಗೆಳೆತನ, ಹೇಳದೆ ಹೋದನಲ್ಲ ಎಂದು ನಾಲ್ಕು ಜನರ ಮುಂದೆ ಆಡಿಕೊಂಡೆ ಕೂಡ.

ಹೋದ ವರ್ಷ ಹುಮನಾಬಾದಿಗೆ ಕೆಲಸದ ಮೇಲೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಫ್ಯಾನು, ಮೋಟರು ರಿಪೇರಿ ಮಾಡುವ ಸಣ್ಣ ಅಂಗಡಿಯಲ್ಲಿ ಅವನು ಕೂತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ದಾಟಿಹೋಗೋಣ ಎಂದುಕೊಳ್ಳುವಷ್ಟರಲ್ಲಿ ಅವನೇ ಕರೆದ.

"ಬರ್ರಿ ಅಣ್ಣಾರ. ನಾನ ಬರಾಂವ ಇದ್ದೆ ನಿಮ್ಮ ಕಡಿ. ಕಾಲ ಏಳಲಿಲ್ಲ."

ಚಹಾ ತರಿಸಿದ. ಕುಡಿದೆವು. ಆಮೇಲೆ ಮೇಲಿನ ಹಲಗೆಯಿಂದ ಒಂದು ಬಿಸ್ಕಿಟ್ ಡಬ್ಬಿ ಇಳಿಸಿ ಮೊಣಕಾಲ ಮೇಲೆ ಇಟ್ಟುಕೊಂಡು, ಮೆಲ್ಲಗೆ, ಯಾರ ಮೇಲೂ ತಪ್ಪು ಹೊರಿಸದ ಹಾಗೆ ಹೇಳಿದ. ಆಪರೇಶನ್ ಆದವರು ರಕ್ತ ಹೆಪ್ಪುಗಟ್ಟದ ಹಾಗೆ ದಿನವೂ ಗುಳಿಗೆ ತಗೋಬೇಕು, ಸಾಯುವವರೆಗೂ. ಗುಳಿಗೆಗೆಂದು ಅವನು ತಿಂಗಳಿಗೆ ಇಷ್ಟು ಎಂದು ಆಕೆಯ ಕೈಗೇ ರೊಕ್ಕ ಕೊಡುತ್ತಿದ್ದ. ಓಣಿಯ ತುದಿಯ ಔಷಧದ ಅಂಗಡಿಗೆ ಆಕೆಯೇ ನಿಧಾನವಾಗಿ ನಡೆದುಹೋಗಿ ತರುತ್ತಿದ್ದಳು. ಆಕೆ ಸತ್ತ ಮೇಲೆ ಟ್ರಂಕು ತೆಗೆದಾಗ ಈ ಡಬ್ಬಿ ಸಿಕ್ಕಿತು. ಔಷಧದವನನ್ನು ಕೇಳಿದ. ಆಕೆ ಬಹಳ ತಿಂಗಳಿಂದ ಅರ್ಧವೇ ಒಯ್ಯುತ್ತಿದ್ದಳು, ಡಾಕ್ಟರೇ ಕಡಿಮೆ ಮಾಡಿದ್ದಾರೆ ಎಂದು ಹೇಳಿದ್ದಳು, ಎಂದನಂತೆ. ದಿನ ಬಿಟ್ಟು ದಿನ ತಗೊಂಡು ಉಳಿದ ರೊಕ್ಕ ಇದರಲ್ಲಿ ಕೂಡಿಸಿದ್ದಳು.

"ಮೈಕಿನ್ಯಾಗ ಬಂದ ಹೆಸರೆಲ್ಲಾ ಅಕಿಗೆ ಬಾಯಿಪಾಠ ಇದ್ವ್ರಿ. ರೊಟ್ಟಿ ಬಡಿಯೂಮುಂದ ಒಂದೊಂದ ಅಂತಿದ್ಲು. ನಾ ಅನ್ಕೊಂಡೆ, ದುವಾ ಮಾಡಾಕತ್ತಾಳ ಅಂತ."

ಡಬ್ಬಿಯನ್ನು ನನ್ನ ಕೈಯಲ್ಲಿಟ್ಟ. ಒಳಗೆ ಹತ್ತರ, ಇಪ್ಪತ್ತರ ಮಡಿಸಿದ ನೋಟುಗಳು. ಒಂದು ರೂಪಾಯಿಯ ನಾಣ್ಯವನ್ನು ಬೇರೆಯಾಗಿ ಗುಳಿಗೆಯ ಬೆಳ್ಳಿ ಕಾಗದದಲ್ಲಿ ಸುತ್ತಿಟ್ಟಿದ್ದಳು.

"ಸಾವಿರದ ಒಂದು ಅದ್ರಿ. ನಿಮ್ಮ ಹೆಸರ ಮೊದಲ ಬಂದಿತ್ತಲ್ರಿ, ಅದಕ ತೀರಸೂದು ನಿಮ್ಮಿಂದ ಸುರು ಮಾಡ್ಯಾಳ."

ನನಗೆ ಇದು ಬೇಡ, ದೇವರಾಣೆ ಬೇಡ ಎಂದೆ. ಅವತ್ತು ಆ ಚೀಟಿಯ ಮೇಲೆ ಬರೆದಷ್ಟನ್ನೇ ಓದಿದ್ದರೆ ಆಕೆ ಈಗಲೂ ಕಿಟಕಿಯಲ್ಲಿ ಕೂತು ನಾನು ಕೂಗಿದ್ದು ಹೆಚ್ಚಾಯಿತೆಂದು ಹೇಳುತ್ತಿದ್ದಳು. ಅಲ್ಲೇ ರಸ್ತೆಯ ಬದಿಯಲ್ಲಿ ಅತ್ತೆ. ಅವನು ನನ್ನ ಅಳು ಮುಗಿಯುವವರೆಗೆ ಕಾದ.

"ತಗೋರಿ ಅಣ್ಣಾರ. ನೀವು ತಗೊಳ್ಳಿಲ್ಲಂದ್ರ ಅಕಿ ಗುಳಿಗಿ ಬಿಟ್ಟದ್ದು ಯಾತಕ್ಕ ಅಂತ ಆಗ್ತದ್ರಿ."

ತೆಗೆದುಕೊಂಡೆ.

ವಾಪಸ್ಸು ಬರುವ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕಂಡಕ್ಟರು ಟಿಕೆಟ್ಟು ಹರಿದು, ಒಂದು ರೂಪಾಯಿ ಚಿಲ್ಲರೆ ಇದೆಯೇ ಎಂದು ಕೇಳಿದ. ಇಲ್ಲ ಎಂದೆ. ಅವನಿಗೆ ಕೇಳಿಸಲಿಲ್ಲ, ಬಾಗಿ ಮತ್ತೆ ಕೇಳಿದ. ನಾನು ಇನ್ನೊಮ್ಮೆ ಹೇಳಬೇಕಾಯಿತು.