ನೀರು ನೋಡುತ್ತಿದ್ದ ಅಂಕಲ್

ಟೋಪಿ ತೆಗೆದರೆ ಅವರ ಹಣೆಯಲ್ಲಿ ಎರಡು ಬಣ್ಣ. ಹುಬ್ಬಿನಿಂದ ಎರಡು ಬೆರಳು ಮೇಲೆ ಒಂದು ಗೆರೆ. ಅದರ ಕೆಳಗೆ ದೋಸೆ ಕಾವಲಿಯ ಕಪ್ಪು, ಮೇಲೆ ಮಂಗಳೂರು ಬಿಟ್ಟ ದಿನದ ಗೋಧಿ ಬಣ್ಣ. ಮೂವತ್ತು ವರ್ಷ ಆಸ್ಟ್ರೇಲಿಯದ ಒಳನಾಡಿನ ಬಿಸಿಲು ಎಳೆದ ಗೆರೆ ಅದು. ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಮಗಳ ಜೊತೆ ಇದ್ದ ಅವರನ್ನು ಬೀದಿಯ ಕನ್ನಡದವರೆಲ್ಲ ಅಂಕಲ್ ಎಂದೇ ಕರೆಯುತ್ತಿದ್ದೆವು.

ಕೂತ ಅಂಕಲ್‌ರನ್ನು ನಾನು ಕಂಡದ್ದು ಕಡಿಮೆ. ಚಹಾ ಕುಡಿಯುವುದೂ ನಿಂತೇ. ಬೆಳಗಾದರೆ ಬೀದಿಯುದ್ದಕ್ಕೂ ನಡೆದು, ಯಾರ ಮನೆಯ ಮುಂದಿನ ನಲ್ಲಿ ತೊಟ್ಟಿಕ್ಕುತ್ತಿದ್ದರೂ ಹೇಳದೆ ಕೇಳದೆ ಬಿಗಿ ಮಾಡಿ ಬರುತ್ತಿದ್ದರು. ಹಕ್ಕಿಗಳಿಗೆಂದು ಐಸ್‌ಕ್ರೀಮ್ ಡಬ್ಬಿಯಲ್ಲಿ ನೀರಿಡುತ್ತಿದ್ದರು. ಬಿಳಿ ಕಾಕಟೂಗಳು ಅದನ್ನು ಮಗುಚಿ ಕಿರುಚಾಡಿದರೆ ಬೈಯದೆ ಮತ್ತೆ ತುಂಬಿಸುವರು. ಎದುರು ಸಿಕ್ಕವರನ್ನು ಊಟ ಆಯ್ತಾ ಎಂದು ಕೇಳುವ ಬದಲು "ನೀರು ನೋಡಿ ಆಯ್ತಾ?" ಎನ್ನುವರು. ಮಗಳಿಗೆ ಇದೆಲ್ಲ ಮುಜುಗರ. ಒಮ್ಮೆ ಎದುರು ಮನೆಯವರು ಕಳ್ಳನೆಂದುಕೊಂಡು ಪೊಲೀಸರಿಗೆ ಫೋನ್ ಮಾಡುವುದರಲ್ಲಿದ್ದರು.

ನೀರು ನೋಡುವುದು ಎಂಬುದು ಅವರ ಕಸುಬಿನ ಮಾತು. ಹಡಗಿನ ಅಡುಗೆಯವರಾಗಿ ಈ ದೇಶಕ್ಕೆ ಬಂದು, ಬರ್ಕ್ ಪಟ್ಟಣದಾಚೆಯ ಒಂದು ದನದ ಸ್ಟೇಷನ್ನಿನಲ್ಲಿ ಒಲೆಯ ಮುಂದೆ ನಿಂತು, ಕೊನೆಗೆ ಅಲ್ಲೇ ನೀರು ನೋಡುವ ಕೆಲಸ ಹಿಡಿದವರು. ಸ್ಟೇಷನ್ ಎಂದರೆ ಬೇಲಿ ಹಾಕಿದ ಬಯಲು. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಜೀಪಿನಲ್ಲೇ ಅರ್ಧ ದಿನ ಬೇಕು. ದಿನ ಬಿಟ್ಟು ದಿನ ಸುತ್ತಿ, ಗಾಳಿಯಂತ್ರ ತಿರುಗುತ್ತಿದೆಯೇ, ಬೋರಿನ ನೀರು ತೊಟ್ಟಿಗೆ ಬೀಳುತ್ತಿದೆಯೇ ಎಂದು ನೋಡಬೇಕು. ಬೇಸಿಗೆಯಲ್ಲಿ ಒಂದು ತೊಟ್ಟಿ ಒಣಗಿದರೆ ಮಂದೆಯೇ ಮಲಗಿಬಿಡುತ್ತದೆ. ದನಗಳ ನಡುವೆ ಎಮುಗಳು ಉದ್ದ ಕತ್ತು ತೂರಿಸಿ ನೀರು ಕುಡಿಯುವುದನ್ನು, ಕಾಂಗರೂಗಳು ದೂರ ನಿಂತು ತಮ್ಮ ಸರದಿ ಕಾಯುವುದನ್ನು ಅವರು ಕೈಕಾಲು ಆಡಿಸಿ ಮಾಡಿ ತೋರಿಸುವರು. ಅಷ್ಟು ಹೊತ್ತು ಮಾತ್ರ ಅವರ ಮುಖ ಸಮಾಧಾನವಾಗಿರುತ್ತಿತ್ತು.

ಅವರಿಗೆ ಬೇಕಿದ್ದದ್ದು ಒಂದೇ: ಅಲ್ಲಿಗೆ ವಾಪಸು ಹೋಗಿ, ದೂರದ ಬೋರಿನ ಬಳಿಯ ತಗಡಿನ ಮನೆಯಲ್ಲಿ ಕೊನೆಯ ದಿನ ಕಳೆಯುವುದು. ಮಗಳು ವರ್ಷಗಟ್ಟಲೆ ಬೇಡವೆಂದಳು. ಕೊನೆಗೆ, ಸ್ಟೇಷನ್ ಯಜಮಾನ ಒಪ್ಪಿದರೆ ಹೋಗಿ ಎಂದಳು. ಅವಳಿಗೆ ರಜೆ ಸಿಗಲಿಲ್ಲ. ಕಾರು ಓಡಿಸಲು ನಾನು ಸಿದ್ಧನಿದ್ದೆ. ನಾನೂ ಕಾಲಿಗೆ ಚಕ್ರ ಕಟ್ಟಿಕೊಂಡವನೇ; ಎರಡು ವರ್ಷದಲ್ಲಿ ಮೆಲ್ಬರ್ನ್, ಸಿಡ್ನಿ ಎಂದು ನಾಲ್ಕು ಬಾಡಿಗೆ ಮನೆ ಬದಲಿಸಿದ್ದೆ. ಇಲ್ಲೇ ಕಾಯಂ ಇರಲು ಬೇಕಾದ ಪಿಆರ್ ಬಂದಿರಲಿಲ್ಲ, ಇದ್ದ ಕೆಲಸದ ಅವಧಿ ಮುಗಿದಿತ್ತು, ಸೋಮವಾರ ಬೆಳಿಗ್ಗೆ ಒಂದು ಇಂಟರ್‌ವ್ಯೂ ಇತ್ತು. ಶುಕ್ರವಾರ ಹೊರಟು ಭಾನುವಾರ ಬಂದುಬಿಡೋಣ ಎಂದೆ.

ಜನವರಿ ಇಲ್ಲಿ ನಡುಬೇಸಿಗೆ, ಉರಿಬಿಸಿಲು. ಸ್ಟೇಷನ್ನಿನ ಯಜಮಾನ, ಅಂಕಲ್‌ರ ಕಣ್ಣೆದುರೇ ಬೆಳೆದವನು. ಅವನ ಅಪ್ಪನೇ ಇವರನ್ನು ಕೆಲಸಕ್ಕೆ ಇಟ್ಟುಕೊಂಡದ್ದು. ಶನಿವಾರ ಊಟದ ಮೇಜಿನಲ್ಲೇ ಅವನು ಒಪ್ಪಿದ: ಚಳಿಗಾಲಕ್ಕೆ ಬನ್ನಿ, ಮನೆ ಖಾಲಿ ಇದೆ, ತೊಟ್ಟಿಗಳ ಮೇಲೆ ಒಂದು ಕಣ್ಣಿಡಿ. ಅಂಕಲ್ ಆವತ್ತು ಕುರ್ಚಿಯಲ್ಲಿ ಒರಗಿ ಕೂತು, ಎರಡನೇ ಚಹಾ ಕೇಳಿ ಕುಡಿದರು.

ಆ ಸಂಜೆ ನಾನೊಬ್ಬನೇ ಕಾಂಗರೂ ಫೋಟೊ ತೆಗೆಯಲು ಕಾರು ಹೊರಡಿಸಿದೆ. ದಾರಿಯಲ್ಲಿ ಹಳೇ ಟಯರು ನೇತುಹಾಕಿದ ಒಂದು ಗೇಟು ಹಾರುಹೊಡೆದಿತ್ತು. ಊರಲ್ಲಿ ಗೇಟು ಹಾಕದೆ ಒಳಗೆ ಬಂದರೆ, ಯಾರ ಮನೆಯ ದನ ಬಸಳೆ ಚಪ್ಪರ ತಿಂದರೂ ಅಮ್ಮ ನನ್ನನ್ನೇ ಬೈಯುತ್ತಿದ್ದಳು. ವಾಪಸು ಬರುವಾಗ ಇಳಿದು, ಗೇಟು ಎಳೆದು, ಸರಪಳಿ ಸಿಕ್ಕಿಸಿ ಬಂದೆ. ಒಳ್ಳೆಯ ಕೆಲಸ ಮಾಡಿದೆನೆಂಬ ಹೆಮ್ಮೆ ಬೇರೆ.

ಭಾನುವಾರ ಬೆಳಿಗ್ಗೆ ಹೊರಟೆವು. ಮೂರು ಗಂಟೆಯ ದಾರಿ ಸವೆಸಿ ಒಂದು ಪೆಟ್ರೋಲ್ ಬಂಕಿನಲ್ಲಿ ನಿಂತಾಗ, ನಿಮ್ಮ ಸ್ಟೇಷನ್ನಿನವರಿಗೆ ಗೇಟು ಹಾಕುವಷ್ಟೂ ವ್ಯವಧಾನವಿಲ್ಲ, ನಾನೇ ಹಾಕಿ ಬಂದೆ ಎಂದು ಅಂಕಲ್‌ರನ್ನು ಕೀಟಲೆ ಮಾಡಿದೆ. ಅವರು ಚಹಾ ಕೆಳಗಿಟ್ಟರು. ಯಾವ ಗೇಟು ಎಂದು ಕೇಳಿದರು. ಟಯರಿನದು ಎಂದೆ.

"ಕಾರು ತಿರುಗಿಸು ಮಾರಾಯ. ಆ ಹಿಂಡಿಗೆ ನೀರು ಉಂಟಲ್ಲ, ಅದು ಗೇಟಿನ ಆಚೆ."

ಬಂಕಿನಿಂದ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಯಜಮಾನ ಆ ಬೆಳಿಗ್ಗೆಯೇ ಸಂಸಾರ ಸಮೇತ ನೆಂಟರ ಮನೆಗೆ ಹೊರಟಿದ್ದ, ಬರುವುದು ಸೋಮವಾರ ಎಂದಿದ್ದ. ನಾನು ಇಂಟರ್‌ವ್ಯೂ ನೆನೆದು ಒಂದು ಕ್ಷಣ ಕೀ ಹಿಡಿದು ನಿಂತೆ. ಈಗಲೂ ನಾಚಿಕೆಯಾಗುತ್ತದೆ. ಅಂಕಲ್ ಆಗಲೇ ಕಾರಿನೊಳಗೆ ಕೂತು ಬೆಲ್ಟ್ ಹಾಕಿಕೊಂಡಿದ್ದರು.

ಮಧ್ಯಾಹ್ನ ತಲುಪಿದಾಗ ಬೇಲಿಯುದ್ದಕ್ಕೂ ದನಗಳು ಒತ್ತಿ ನಿಂತಿದ್ದವು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಅಂಕಲ್ ಗೇಟು ತೆಗೆದು, ತೊಟ್ಟಿಯ ಬಳಿ ನಿಂತು, ತುಳಿದಾಡದಂತೆ ಟೋಪಿ ಬೀಸಿ ಬೀಸಿ ಅವನ್ನು ಚದುರಿಸಿದರು. ಒಂದು ಕರು ಮಾತ್ರ ಬೇಲಿಯ ಬುಡದಲ್ಲಿ ಬಿದ್ದಿತ್ತು. ಟೋಪಿಯಲ್ಲೇ ನೀರು ತಂದು ಅದರ ಬಾಯಿಗೆ ಹಿಡಿದರು. ಅದು ಕುಡಿಯಲಿಲ್ಲ. ಅದರ ತಾಯಿ ನೀರಿಗೆ ಹೋಗದೆ ನಮ್ಮ ಹಿಂದೆಯೇ ನಿಂತಿತ್ತು.

ಹೊರಡೋಣವೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಸತ್ತ ಕರುವಿನ ಸುದ್ದಿಯನ್ನು ಎದುರು ನಿಂತೇ ಹೇಳಬೇಕು ಎಂದರು ಅಂಕಲ್. ಸೋಮವಾರ, ನನ್ನ ಇಂಟರ್‌ವ್ಯೂ ಹೊತ್ತು ಮೀರಿದ ಮೇಲೆ, ಯಜಮಾನ ಬಂದ. ನಾನು ಬಾಯಿ ತೆರೆಯುವ ಮೊದಲೇ ಅಂಕಲ್, "ಗೇಟು ಹಾಕಿದ್ದು ನಾನು, ನೀರು ಆಚೆ ಇದ್ದದ್ದು ಮರೆತೆ" ಎಂದುಬಿಟ್ಟರು. ಅವನು ನೆಲ ನೋಡಿದ. ಬೈಯಲಿಲ್ಲ. ತಗಡಿನ ಮನೆ ರಿಪೇರಿಗೆ ಬಂದಿದೆ, ಮುಂದಿನ ವರ್ಷ ನೋಡೋಣ ಎಂದ. ಅದರ ಅರ್ಥ ಮೂವರಿಗೂ ಗೊತ್ತಿತ್ತು. ನಿಜ ಹೇಳಬೇಕಿದ್ದವನು ನಾನು. ಅಂಕಲ್ ನನ್ನ ಮೊಣಕೈ ಹಿಡಿದು ಒತ್ತಿದರು, ನಾನು ಸುಮ್ಮನಾದೆ. ಸುಮ್ಮನಾಗಲು ನನಗೂ ಅಷ್ಟೇ ನೆಪ ಸಾಕಾಗಿತ್ತು.

ಹೀಗೇಕೆ ಮಾಡಿದಿರಿ ಎಂದು ಕಾರಿನಲ್ಲಿ ಕೇಳಿದೆ.

"ಸ್ಟೇಷನ್ನಿಗೆ ಕಾಲಿಟ್ಟವನಿಗೆ ಮೊದಲ ಮಾತು ಅದೇ ಹೇಳ್ಬೇಕು. ಗೇಟು ಹೇಗುಂಟೋ ಹಾಗೇ ಬಿಡು, ತೆರೆದಿದ್ರೆ ತೆರೆದೇ ಇರ್ಲಿ ಅಂತ. ನಿನ್ನನ್ನು ಕರ್ಕೊಂಡು ಹೋದದ್ದು ನಾನು, ಹೇಳ್ಳಿಲ್ಲ. ಹಾಗಾದ್ರೆ ಹಾಕಿದ್ದು ಯಾರು?"

ಮರುವರ್ಷ ಮಗಳಿಗೆ ಮೆಲ್ಬರ್ನ್‌ಗೆ ವರ್ಗವಾಗಿ, ಅಂಕಲ್ ಅವಳ ಜೊತೆ ಅಲ್ಲಿನ ಹೊರವಲಯದ ಕ್ರಾನ್‌ಬರ್ನ್‌ಗೆ ಹೋದರು. ವಾರಕ್ಕೊಮ್ಮೆ ಫೋನ್ ಮಾಡಿ ನೀರು ನೋಡಿ ಆಯ್ತಾ ಎನ್ನುವರು. ಗೇಟಿನ ಮಾತು ಒಮ್ಮೆಯೂ ಎತ್ತಲಿಲ್ಲ. ಅಲ್ಲೂ ಬೀದಿ ಸುತ್ತುತ್ತಿದ್ದರಂತೆ; ಒಂದು ಬೆಳಿಗ್ಗೆ ಯಾರದೋ ಮನೆಯ ಮುಂದಿನ ನಲ್ಲಿಯ ಬಳಿ ಕುಸಿದರು. ಇಗರ್ಜಿಯಲ್ಲಿ ತೆರೆದಿಟ್ಟ ಶವಪೆಟ್ಟಿಗೆಯೊಳಗೆ ಅವರ ತಲೆಯ ಮೇಲೆ ಟೋಪಿಯಿರಲಿಲ್ಲ. ಹಣೆಯ ಗೆರೆ ಹಾಗೇ ಇತ್ತು.

ಸುದ್ದಿ ತಿಳಿಸಲು ಸ್ಟೇಷನ್ನಿಗೆ ಫೋನ್ ಮಾಡಿದೆ. ಹಾಗೇ, ಗೇಟು ಹಾಕಿದ್ದು ನಾನು ಎಂದೂ ಹೇಳಿದೆ.

"ತಾನೇ ಹಾಕಿದ್ದು ಅಂದಾಗ ನನಗೆ ಅನುಮಾನವೇ ಬರಲಿಲ್ಲ," ಎಂದ ಯಜಮಾನ. "ಮೂವತ್ತು ವರ್ಷ ಆತ ನೀರಿದೆ ಅಂದ ಕಡೆ ನೀರಿತ್ತು."