ಮೊಗ್ಗಿನ ಜಡೆಗೆ ಯಾರ ನೀರು?

ಮಲ್ಕಮ್ಮನ ಹೂವು ಬಂಡಿಯಲ್ಲಿ ಕೂತು ಆಳಂದದ ಸಂತೆಗೆ ಹೋಗುತ್ತಿತ್ತು. ಮಲ್ಕಮ್ಮ ಬಂಡಿಯ ಹಿಂದೆ ಧೂಳು ಕುಡಿಯುತ್ತ ನಡೆದು ಹೋಗುತ್ತಿದ್ದಳು. ಬಂಡಿಯಲ್ಲಿ ಜಾಗ ಇರಲಿಲ್ಲವೇ? ಇತ್ತು. ಜೋಳದ ಚೀಲಗಳ ಮೇಲೆ ಇಬ್ಬರು ಕಾಲು ಚಾಚಿ ಮಲಗುವಷ್ಟು ಇತ್ತು. ಆದರೆ ಬುಟ್ಟಿಗೆ ಜಾತಿ ಇರಲಿಲ್ಲ, ಬುಟ್ಟಿ ತುಂಬಿದವಳಿಗೆ ಇತ್ತು. ಇದನ್ನು ಕಂಡು ಯಾರೂ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಹೊಟ್ಟೆ ಉರಿಯುವುದು ಇಂಥಲ್ಲೇ.

ಕಿಣ್ಣಿ ಸುಲ್ತಾನ ಎಂಬ ಊರ ಹೊರಗಿನ ಕೇರಿ ಆಕೆಯದು. ಗಂಡ ಹುಲೆಪ್ಪನ ಹಿರಿಯರಿಗೆ ಊರ ಚಾಕರಿಯ ಬದಲಾಗಿ ಹಳ್ಳದ ದಂಡೆಯ ಹತ್ತು ಗುಂಟೆ ಕಲ್ಲುನೆಲ ಬಿಟ್ಟುಕೊಟ್ಟಿದ್ದರು. ಜೋಳ ಬಾರದ ಆ ನೆಲದಲ್ಲಿ ಮಲ್ಕಮ್ಮ ಹೂವು ಬೆಳೆದಳು. ಊರ ಬಾವಿಯ ಹತ್ತಿರ ಹೋಗುವಂತಿರಲಿಲ್ಲ. ಹಳ್ಳ ಬತ್ತಿದರೆ ಉಸುಕು ತೋಡಿ ವರತಿ ಮಾಡುತ್ತಿದ್ದಳು. ಅದರಲ್ಲಿ ಒಸರಿದ ನೀರನ್ನು ತಂಬಿಗೆಯಿಂದ ಮೊಗೆದು ಗಿಡಗಳ ಬುಡಕ್ಕೆ ಹಾಕುತ್ತಿದ್ದಳು. ಬೇಸಿಗೆಯಿಂದ ಮಳೆಗಾಲದವರೆಗೆ ಕಣಗಿಲೆ, ದಸರೆ ದೀಪಾವಳಿಗೆ ಚೆಂಡುಹೂವು, ಚಳಿಗೆ ಸೇವಂತಿ, ಸುಗ್ಗಿ ಮುಗಿದು ಬಿಸಿಲು ಏರಿತೆಂದರೆ ದುಂಡುಮಲ್ಲಿಗೆ. ಮಾಘದಲ್ಲಿ ಮಲ್ಲಿಗೆ ಕೇಳಿದವರಿಗೆ, "ನಿಮ್ಮನ್ಯಾಗ ಲಗ್ನ ಐತಂತ ನನ್ನ ಗಿಡಕ್ಕ ಯಾರೂ ಹೇಳಿಲ್ಲರಿ" ಎಂದು ನಗುತ್ತಿದ್ದಳು.

ಆ ಕಡೆ ಒಂದು ರಿವಾಜು ಇತ್ತು. ಮುಟ್ಟಬಾರದವರು ಬೆಳೆದ ಹೂವು ಒಣದಾಗಿದ್ದರೆ ಮೈಲಿಗೆ ಇಲ್ಲ. ಕೊಯ್ದ ಮೇಲೆ ಅದಕ್ಕೆ ಅವರ ನೀರು ತಾಗಿತೋ, ಮೈಲಿಗೆ. ಯಾವ ದೇವರು ಬಂದು ಹೇಳಿದನೋ ಗೊತ್ತಿಲ್ಲ. ಹಾಗಾಗಿ ಸಂತೆಯಲ್ಲಿ ಎಲ್ಲ ಹೂವಿನವರ ಪಕ್ಕದಲ್ಲೂ ಒಂದೊಂದು ಕೊಡ, ಮಲ್ಕಮ್ಮನ ಪಕ್ಕ ಬರೀ ಬಿಸಿಲು. ಬಂಡಿ ಸಂತೆಗೆ ಬಂದು ಮುಟ್ಟುವಷ್ಟರಲ್ಲೇ ಹೊತ್ತು ಏರಿರುತ್ತಿತ್ತು. ಆಕೆಯ ಕಣ್ಣೆದುರೇ ಸೇವಂತಿ ತಲೆ ಬಾಗಿಸುತ್ತಿತ್ತು, ಚೆಂಡುಹೂವು ಜೋತು ಬೀಳುತ್ತಿತ್ತು. ಆಗ ಕಲ್ಯಾಣಪ್ಪ ಬರುತ್ತಿದ್ದ. ಆಳಂದದ ಹೂವಿನಂಗಡಿಯ ಸಾವಕಾರ. "ಬಾಡ್ಯಾವಲ್ಲ ಬೇ" ಎಂದು ಅರ್ಧ ಬೆಲೆಗೆ ಎತ್ತುತ್ತಿದ್ದ. ನಾಲ್ಕು ಹೆಜ್ಜೆ ಆಚೆ ತನ್ನ ಅಂಗಡಿಗೆ ಒಯ್ದು, ತನ್ನ ಕೊಡದ ನೀರು ಚಿಮುಕಿಸಿ, "ಈಗ ನಮ್ಮ ತೋಟದಿಂದ ಬಂದಾವ ನೋಡ್ರಿ" ಎಂದು ಕೂಗುತ್ತಿದ್ದ. ಅವನಿಗೆ ತೋಟವೇ ಇರಲಿಲ್ಲ.

ಮದುವೆಯ ಮೊಗ್ಗಿನ ಜಡೆಯಂತೂ ಇನ್ನೂ ದೊಡ್ಡ ನಾಟಕ. ಬಾಳೆದಿಂಡಿನ ಪಟ್ಟಿಯ ಮೇಲೆ ಮಲ್ಲಿಗೆ ಮೊಗ್ಗನ್ನು ಸಾಲುಸಾಲಾಗಿ ನಾರಿನಿಂದ ಹೊಲಿದು, ನಡುವೆ ಕೆಂಪು ಕಣಗಿಲೆ ಇಟ್ಟು ಮಲ್ಕಮ್ಮ ಕಟ್ಟುವಂಥ ಜಡೆ ಆ ಸುತ್ತಿನಲ್ಲಿ ಯಾರ ಕೈಗೂ ಬರುತ್ತಿರಲಿಲ್ಲ. ನಾರು ನೀರಲ್ಲಿ ನೆನೆಯದಿದ್ದರೆ ಪಟಪಟ ಹರಿಯುತ್ತದೆ; ಇದು ಹೂವು ಕಟ್ಟಿದ ಪ್ರತಿ ಹೆಂಗಸಿಗೂ ಗೊತ್ತು. ಆದರೂ ಕಲ್ಯಾಣಪ್ಪ, "ಒಣಾ ನಾರಾಗ ಕಟ್ಟ್ಯಾಳ್ರಿ, ನಾ ಕಣ್ಣಾರೆ ನೋಡೇನಿ" ಎನ್ನುತ್ತಿದ್ದ. ಕೊಳ್ಳುವವರು ಹೌದು ಹೌದು ಎಂದು ಒಯ್ಯುತ್ತಿದ್ದರು. ಸುಳ್ಳು ಹೇಳುವವನಿಗೂ ಗೊತ್ತು, ಕೇಳುವವರಿಗೂ ಗೊತ್ತು. ಹನ್ನೊಂದು ವರ್ಷ ಹೀಗೇ ನಡೆಯಿತು.

ಮಲ್ಕಮ್ಮನಿಗೆ ಬೇಕಿದ್ದದ್ದು ಒಂದೇ. ಸಂತೆಯಲ್ಲಿ ತನ್ನ ಹೂವಿನ ಪಕ್ಕ ತನ್ನದೊಂದು ಕೊಡ. ಮೊದಲ ವರ್ಷವೇ ಕುಂಬಾರರಿಂದ ಒಂದು ಕೆಂಪು ಕೊಡ ತಂದಿದ್ದಳು. ಅದು ಗುಡಿಸಲಿನ ಮೂಲೆಯಲ್ಲಿ ಬೋರಲು ಬಿದ್ದಿತ್ತು. ದರ್ಗಾಕ್ಕೆ ಬರುವವರಿಗೆ ಗುಲಾಬಿ ಮಾರುತ್ತಿದ್ದ ಉಸ್ಮಾನಸಾಬ ಆಗಾಗ ಕೆಣಕುತ್ತಿದ್ದ: "ಮಲ್ಕವ್ವಾ, ನಿನ್ನ ಹೂವಿಗೆ ನೀನ ನೀರು ಹೊಡಿಯವಾ. ನಾ ತಗೋತೇನಿ."

"ನೀ ಎಷ್ಟು ತಗೋತಿ ಉಸ್ಮಾನಣ್ಣಾ? ಎರಡು ಬೊಗಸಿ. ಉಳದದ್ದು ನಾ ಮುಡಕೊಂಡು ಕುಣೀಲೇನು?"

ಹಾಗೆ ನಗೆಯಲ್ಲಿ ಹಾರಿಸಿಬಿಡುತ್ತಿದ್ದಳು. ಮನೆಗೆ ಬಂದು ಕೊಡ ನೋಡಿದಾಗ ನಗೆ ಬರುತ್ತಿರಲಿಲ್ಲ.

ಹತ್ತೊಂಬತ್ತುನೂರ ಮೂವತ್ತೊಂಬತ್ತರ ವೈಶಾಖದಲ್ಲಿ ಊರ ದೌಲತರಾಯ ಗೌಡರ ಮಗಳು ಗುರಮ್ಮನ ಲಗ್ನ ಗೊತ್ತಾಯಿತು. ಅಫಜಲಪುರದ ಬೀಗರು, ಗೋಧೂಳಿ ಮುಹೂರ್ತ. ಅದೇ ಹೊತ್ತಿಗೆ ಕಲ್ಯಾಣಪ್ಪ ಚಳಿಜ್ವರ ಬಂದು ಮಲಗಿದ. ಜಡೆ ಮಾಡಿಸಲು ನಡುವೆ ನಿಂತು ಸುಳ್ಳು ಹೇಳುವ ಮನುಷ್ಯನೇ ಇಲ್ಲದಂತಾಯಿತು. ಗೌಡರ ಹೆಂಡತಿ ಗೌರಾಬಾಯಿ ಮಲ್ಕಮ್ಮನನ್ನು ಹಿತ್ತಲಿಗೆ ಕರೆಸಿದಳು.

"ಜಡಿ ಇಲ್ಲೇ ಕೂತು ಕಟ್ಟಬೇಕ ನೋಡು. ನೀರು ನಮ್ಮದು."

"ಆತ್ರಿ ಗೌಡಶಾನಿ."

ರಾತ್ರಿ ಊಟಕ್ಕೆ ಕೂತಾಗ ಹುಲೆಪ್ಪ, "ಅಲ್ಲಿ ಬಾಯಿ ಬಿಚ್ಚಬ್ಯಾಡ ಬೇ. ಹೊಲ ಅವರ ಕಣ್ಣಾಗ ಐತಿ" ಎಂದ.

"ಬಾಯಿ ಬಿಚ್ಚಲಾಕ ಅವ್ರೇನು ನನ್ನ ಪಂಗತಿಗೆ ಕರದಾರೇನು? ದನದ ಕೊಟಗಿಗೆ ಕರದಾರ" ಎಂದಳು ಮಲ್ಕಮ್ಮ.

ದನದ ಕೊಟ್ಟಿಗೆಯೇ. ನಸುಕಿನಲ್ಲಿ ಬಿಡಿಸಿದ ಮೊಗ್ಗಿನ ಬುಟ್ಟಿ ಇಟ್ಟುಕೊಂಡು ಎಮ್ಮೆಗಳ ಬದಿಗೆ ಕೂತಳು. ಗೌಡರ ಅಕ್ಕ ಸುಭದ್ರಾಬಾಯಿ, ಆ ಮನೆಯ ಮಡಿಯನ್ನೆಲ್ಲ ಗುತ್ತಿಗೆ ಹಿಡಿದವಳು, ಎದುರು ಮಣೆ ಹಾಕಿಕೊಂಡು ಕಾವಲು ಕೂತಳು. ನಾರು ನೆನೆಸಬೇಕಾದಾಗೆಲ್ಲ ಆಳುಮಗಳೊಬ್ಬಳು ಎದೆಯೆತ್ತರದಿಂದ ನೀರು ಸುರಿಯುತ್ತಿದ್ದಳು. ನಾರಿಗೆ ಬಿದ್ದಷ್ಟೇ ನೀರು ಮಲ್ಕಮ್ಮನ ಸೀರೆಗೂ ಬೀಳುತ್ತಿತ್ತು. ಸುಭದ್ರಾಬಾಯಿಯ ಕೊರಳಲ್ಲಿ ಲಿಂಗ. ಹುಟ್ಟಿನಿಂದ ಯಾರೂ ಮೇಲಲ್ಲ, ಕೀಳಲ್ಲ ಎಂದು ಹೇಳಿ ಮನೆಮಾರು ಕಳೆದುಕೊಂಡ ಶರಣರ ಹೆಸರನ್ನು ಆ ಮನೆಯಲ್ಲಿ ದಿನಾ ಮುಂಜಾನೆ ಹೇಳುತ್ತಿದ್ದರು. ಹೆಸರು ಹೇಳಿ ಮುಗಿದ ಮೇಲೆ ಎಮ್ಮೆಯ ಬಾಲಕ್ಕಿಂತ ಆಚೆ ಒಬ್ಬ ಹೆಂಗಸನ್ನು ಕೂಡಿಸುತ್ತಿದ್ದರು.

ನಡುಹಗಲಿಗೆ ಜಡೆ ಮುಗಿಯಿತು. ಹಾಲಿನಂಥ ಜಡೆ. ಮಲ್ಕಮ್ಮ ಅದನ್ನು ಬಾಳೆಲೆಯ ಮೇಲೆ ಇಟ್ಟು ದೂರ ಸರಿದಳು.

"ಅವ್ವಾ, ಇದಕ್ಕಿನ್ನ ನೀರು ಹಾಕಬ್ಯಾಡ್ರಿ. ಹಸಿ ಅರಿವಿ ಮುಚ್ಚಿಟ್ರ ಸಾಕು. ಸೇವಂತಿ ನೀರು ತಡೀತದ, ಮಲ್ಲಿಗಿ ತಡಿಯಂಗಿಲ್ಲ."

"ನಮಗ ಕಲಸ್ಲಾಕ ಬಂದಿಯೇನ ಬೇ? ನಡಿ, ನಡಿ."

ಮಲ್ಕಮ್ಮ ನಡೆದಳು. ಆಕೆಯ ಬೆನ್ನು ಮರೆಯಾಗುತ್ತಲೇ ಸುಭದ್ರಾಬಾಯಿ ಶುದ್ಧ ಮಾಡಲು ತೊಡಗಿದಳು. ನೀರು ಮನೆಯದಾದರೂ ಕೈ ಕೇರಿಯದಲ್ಲವೇ? ಜಡೆಯ ಮೇಲೆ ಒಂದಲ್ಲ ಎರಡಲ್ಲ, ಐದು ಕೊಡ ನೀರು ಸುರಿಸಿದಳು. ವಿಭೂತಿ ಕಲಸಿದ ನೀರು ಮತ್ತೊಂದು. ಆಮೇಲೆ ನೀರು ಸೋರುತ್ತಿದ್ದ ಜಡೆಯನ್ನು ಹಿತ್ತಾಳೆ ಪರಾತದಲ್ಲಿಟ್ಟು, ಮೇಲೆ ಇನ್ನೊಂದು ಪರಾತ ಬೋರಲು ಹಾಕಿ ಮುಚ್ಚಿದಳು. ವೈಶಾಖದ ಬಿಸಿಲು. ಎರಡು ಹಿತ್ತಾಳೆಯ ನಡುವೆ ಮೊಗ್ಗು ಬೆಂದುಹೋಯಿತು.

ಮೂರು ಗಂಟೆಗೆ ಮದುಮಗಳ ತಲೆ ಹೆಣೆಯಲು ಕೂತವರು ಪರಾತ ಎತ್ತಿದರೆ, ಕುದಿಸಿದ ಶೇಂಗಾದ ಬಣ್ಣದ ಏನೋ ಒಂದು ಬಿದ್ದಿತ್ತು. ವಾಸನೆ ಬೇರೆ. ಗುರಮ್ಮ ಮುಖ ಮುಚ್ಚಿಕೊಂಡು ಅಳತೊಡಗಿದಳು. ಬೀಗರ ಬಂಡಿಗಳು ಊರ ಅಗಸೆಬಾಗಿಲಿಗೆ ಬಂದಿದ್ದವು.

ತಪ್ಪು ಯಾರದು? ನೀವೇ ಹೇಳಿ, ಅಂಥ ಮನೆಯಲ್ಲಿ ತಪ್ಪು ಯಾರದಾಗುತ್ತದೆ?

"ಆ ಕೇರಿಯಾಕಿ ಕೈಗುಣ ಇದು!" ಸುಭದ್ರಾಬಾಯಿ ಕೂಗಿದಳು. "ಬೇಕಂತ ಮಾಡ್ಯಾಳ!"

ದೌಲತರಾಯರು ಆಳು ಕಳಿಸಿದರು. ಮಲ್ಕಮ್ಮ ಬಂದು ಅಂಗಳದ ಅಂಚಿನಲ್ಲಿ, ಹಂದರದ ನೆರಳು ಮುಗಿಯುವಲ್ಲಿ ನಿಂತಳು. ಹಿಂದೆ ಹುಲೆಪ್ಪ, ತಲೆವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು. ಹಂದರದ ತುಂಬ ಊರು. ಗೌಡರು ಪರಾತವನ್ನು ಆಕೆಯ ಕಡೆ ಕಾಲಿಂದ ನೂಕಿದರು.

"ಏನಿದು?"

ಮಲ್ಕಮ್ಮ ಬಗ್ಗಿ ನೋಡಿದಳು. ಮುಂಜಾನೆಯಿಂದ ಬೆನ್ನು ಬಗ್ಗಿಸಿ ಒಂದೊಂದೇ ಹೊಲಿದಿದ್ದ ಮೊಗ್ಗು. ಆಕೆಗೆ ಅಳು ಬರಲಿಲ್ಲ.

"ಎಷ್ಟು ಕೊಡ ಹಾಕಿದ್ರಿ ಅವ್ವಾ?" ಎಂದು ಸುಭದ್ರಾಬಾಯಿಯನ್ನೇ ಕೇಳಿದಳು.

ಆಳುಮಗಳು ಮೆಲ್ಲಗೆ, "ಆರು" ಎಂದಳು.

"ಆರು ಕೊಡ! ಎಮ್ಮಿ ತೊಳಿಲಾಕ ಎರಡು ಸಾಕಾಗ್ತಾವ."

ಹಂದರದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗೌರಾಬಾಯಿ ಮುಂದೆ ಬಂದಳು. "ಆದದ್ದು ಆತು. ಇನ್ನೊಂದು ಜಡಿ ಕಟ್ಟು ತಂಗಿ. ಗಿಡದಾಗ ಮೊಗ್ಗು ಅದಾವಿಲ್ಲ?" ಹನ್ನೊಂದು ವರ್ಷ ಆಕೆ ಊರಿಗೆಲ್ಲ ಬರೀ 'ಬೇ' ಆಗಿದ್ದಳು. ಆ ದಿನ ಮೂರು ಗಂಟೆಗೆ ತಂಗಿಯಾದಳು.

"ನಾಳಿನ ಮೊಗ್ಗು ಅದಾವ. ಸಣ್ಣವು. ಕಟ್ಟತೇನಿ. ಆದ್ರ ನನ್ನ ಕೊಡಾ ತರ್ತೇನಿ. ನನ್ನ ವರತಿ ನೀರು. ಈ ಹಂದರದಾಗ ಕೂತು, ಎಲ್ಲಾರ ಮುಂದ ಕಟ್ಟತೇನಿ."

"ಮಲ್ಕೀ!" ಹುಲೆಪ್ಪ ಆಕೆಯ ಸೆರಗು ಜಗ್ಗಿದ.

"ನಿನ್ನ ನೀರಾ?" ಗೌಡರು ಎದ್ದು ನಿಂತರು. "ನನ್ನ ಮಗಳ ತಲಿ ಮ್ಯಾಲ?"

"ಹೋದ ವರ್ಷ ನಿಮ್ಮ ಸೊಸಿ ಮುಡದ ಜಡಿ ಯಾರು ಕಟ್ಟಿದ್ದು ಗೌಡ್ರ? ಅದರ ನಾರು ಯಾವ ನೀರಾಗ ನೆಂದಿತ್ತು? ಒಣಾ ನಾರಾಗ ಜಡಿ ಕಟ್ಟಲಾಕ ಬರ್ತದೇನು, ಇಲ್ಲಿ ಕುಂತ ಹೆಣ್ಮಕ್ಕಳಿಗೆ ಕೇಳ್ರಿ. ಹನ್ನೊಂದು ವರ್ಷ ಆತು, ಈ ಊರ ಹೆಣ್ಮಕ್ಕಳ ನೆತ್ತಿ ಮ್ಯಾಲ ನನ್ನ ವರತಿ ನೀರ ಐತಿ. ಯಾರ ಕೂದಲಾನೂ ಉದುರಿಲ್ಲ."

ಹಂದರದಲ್ಲಿ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಬ್ಬಳ ಕೈ ತಾನಾಗಿ ತುರುಬಿಗೆ ಹೋಯಿತು. ಅಲ್ಲಿ ಇದ್ದದ್ದೂ ಮಲ್ಕಮ್ಮನ ಮಲ್ಲಿಗೆಯೇ.

"ಹೊತ್ತು ಇಳಿಯಾಕತ್ತೈತಿ" ಎಂದು ಗೌರಾಬಾಯಿ ಗಂಡನಿಗೆ ಬೀಗರ ಬಂಡಿ ತೋರಿಸಿ, ಮಲ್ಕಮ್ಮನ ಕಡೆ ತಿರುಗಿದಳು. "ಹೋಗಿ ಕೊಡಾ ತಗೊಂಡು ಬಾ."

"ಗೌರೀ, ನನ್ನ ಜೀವ ಇರೂತನಾ..." ಸುಭದ್ರಾಬಾಯಿ ಎದ್ದಳು.

"ಹಂಗಾದ್ರ ನೀವ ಕಟ್ರಿ ಅಕ್ಕಾ. ತಗೋರಿ ಸೂಜಿ."

ಸುಭದ್ರಾಬಾಯಿ ಕೂತಳು.

ಬೋರಲು ಬಿದ್ದಿದ್ದ ಕೊಡ ಹನ್ನೊಂದು ವರ್ಷದ ಮೇಲೆ ಮೊದಲ ಸಲ ತುಂಬಿತು. ಮಲ್ಕಮ್ಮ ಅದನ್ನು ಹಂದರದ ನಡುವೆ ಇಟ್ಟು, ನಾರು ಅದ್ದಿ ಅದ್ದಿ ಕಟ್ಟಿದಳು. ಅರ್ಧ ಊರು ನಿಂತು ನೋಡಿತು. ದನ ಮನೆಗೆ ಬರುವ ಹೊತ್ತಿಗೆ, ಹಸಿರು ಮಾಸದ ಸಣ್ಣ ಮೊಗ್ಗಿನ ಜಡೆ ಗುರಮ್ಮನ ಬೆನ್ನ ಮೇಲಿತ್ತು. ಅಕ್ಕಿಕಾಳು ಬಿದ್ದವು. ಆಕಾಶ ಕಳಚಿ ಬೀಳಲಿಲ್ಲ.

ಊರಲ್ಲಿ ಈಗ ಈ ಸಂಗತಿ ಹೇಳುವವರು, "ಗೌರಾಬಾಯಿ ದೊಡ್ಡ ಮನಸಿನಾಕಿ, ಆ ಕಾಲಕ್ಕೇ ಕೇರಿಯಾಕೀನ ಹಂದರದಾಗ ಕೂಡಿಸಿದ್ಳು" ಎಂದು ಹಾಡಿ ಹೊಗಳುತ್ತಾರೆ. ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಅವತ್ತು ದೊಡ್ಡದಾಗಿದ್ದು ಅವರ ಗರಜು, ಮುಹೂರ್ತದ ಅಗತ್ಯ. ಮನಸ್ಸು ಎಷ್ಟು ದೊಡ್ಡದಿತ್ತು ಎಂಬುದು ಮರುದಿನ ಕಂಡಿತು. ಮಲ್ಕಮ್ಮ ಕೂತಿದ್ದ ಜಾಗಕ್ಕೆ ಮೂರು ಸಲ ಸಗಣಿ ಬಳಿದರು. ನಾಲ್ಕನೇ ದಿನ ಗೌಡರ ಎತ್ತುಗಳು ಮಲ್ಲಿಗೆ ಮಡಿಯಲ್ಲಿ ಮೇದವು. ಹಗ್ಗ ಹರಿದುಕೊಂಡು ಬಂದವಂತೆ. ಹುಲೆಪ್ಪ ಹೋಗಿ ನೋಡಿದ. ಹಗ್ಗ ಇಡಿಯಾಗಿ ಗೂಟಕ್ಕೇ ಸುತ್ತಿಟ್ಟಿತ್ತು. ಹೂವು ಒಯ್ಯುವ ಬಂಡಿಯವನು, "ನನ್ನ ಬಂಡ್ಯಾಗ ಜಾಗಾ ಇಲ್ಲ" ಎಂದ. ಹೌದಪ್ಪ, ಈಗ ಬುಟ್ಟಿಗೂ ಜಾತಿ ಬಂದಿತ್ತು.

"ಹೋಗಿ ಕಾಲಿಗೆ ಬೀಳೂಣು ನಡಿ" ಎಂದ ಹುಲೆಪ್ಪ.

"ನೀ ಬೀಳು. ನನಗ ಸಂತಿ ಐತಿ."

ಎತ್ತು ಬಿಟ್ಟ ಮೊಗ್ಗು ಅರ್ಧ ಬುಟ್ಟಿ ಆಯಿತು. ಬುಟ್ಟಿ ತಲೆಯ ಮೇಲೆ, ಕೊಡ ಕಂಕುಳಲ್ಲಿ. ಹುಲೆಪ್ಪ ಅಗಸೆಯವರೆಗೆ ಸುಮ್ಮನೆ ಹಿಂದೆ ಬಂದ. ಅಲ್ಲಿ ನಿಂತು, ಏನೋ ಅಂದುಕೊಂಡು, ಆಕೆಯ ಕಂಕುಳಿಂದ ಕೊಡ ಇಸಿದುಕೊಂಡು ತನ್ನ ಹೆಗಲಿಗೇರಿಸಿದ. ಇಬ್ಬರೂ ಆಳಂದದವರೆಗೆ ನಡೆದರು.

ಸಂತೆಯಲ್ಲಿ ಮಲ್ಕಮ್ಮ ಕೊಡ ಇಟ್ಟಳು. ಬಟ್ಟೆ ಅದ್ದಿ, ಹಿಂಡಿ, ಮೊಗ್ಗಿನ ಮೇಲೆ ಹೊದಿಸಿದಳು. ಜ್ವರ ಬಿಟ್ಟು ಎದ್ದಿದ್ದ ಕಲ್ಯಾಣಪ್ಪ ಓಡಿ ಬಂದ.

"ಕೊಡಾ ಎತ್ತು ಬೇ! ಇದನ್ನ ನಾ ಹ್ಯಾಂಗ ಮಾರ್ಲಿ?"

"ಮಾರಬ್ಯಾಡ್ರಿ ಸಾವಕಾರ್ರ. ನಿಮ್ಮ ತೋಟದಾವು ಅದಾವಲ್ಲ, ಅವ್ನ ಮಾರ್ರಿ."

ಉಸ್ಮಾನಸಾಬ ತನ್ನ ಅಂಗಡಿಯಿಂದಲೇ ಗಹಗಹಿಸಿ ನಕ್ಕ. ಎದ್ದು ಬಂದು ತನ್ನ ಎರಡು ಬೊಗಸೆ ಮೊಗ್ಗು ತುಂಬಿಕೊಂಡು ಹೋದ. ಅವತ್ತು ಅಷ್ಟೇ ವ್ಯಾಪಾರ.

ಮಧ್ಯಾಹ್ನ ಒಬ್ಬ ಹೆಂಗಸು ಬಂದು ಬಟ್ಟೆ ಸರಿಸಿ ನೋಡಿದಳು. ಮೊಗ್ಗು ಇನ್ನೂ ಬಿಳಿಯಾಗಿತ್ತು, ಬಿಗಿಯಾಗಿತ್ತು.

"ಒಣಾ ಅದಾವೇನವಾ? ನಿನ್ನ ನೀರು ತಾಗಿಲ್ಲಲ್ಲ?"

ಒಣಾ ಅದಾವ ಎಂದರೆ ಮಾರಾಟ, ಇಲ್ಲ ಎಂದರೆ ಉಪವಾಸ. ಮಲ್ಕಮ್ಮ ಬಟ್ಟೆಯನ್ನು ಮತ್ತೆ ಕೊಡದಲ್ಲಿ ಅದ್ದಿದಳು, ಆ ಹೆಂಗಸಿನ ಕಣ್ಣೆದುರಲ್ಲೇ ಹಿಂಡಿದಳು.

"ತಾಗ್ಯದ" ಎಂದಳು. "ಬೇಕಾದ್ರ ತಗೋರಿ."